ಅಮ್ಮ ಮತ್ತೆ ನಿಲ್ಲುವಳೇ

ರಾಷ್ಟ್ರಪತಿ ನಿವಾಸ
ಅಕ್ಟೋಬರ್ ೧೨

ಬೆಗಿಮಾಯ್,

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ, ನಾನು ಚೆನ್ನಾಗಿಯೇ ಇದ್ದೇನೆ. ಐದು ವರ್ಷದಿಂದ ನಾನು ಫೋನು ಮಾಡುವುದು, ನೀನು ಹೂಂ ಉಹೂಂ ಅಂದು ಇಟ್ಟುಬಿಡುವುದು ನಡೆದೇ ಇತ್ತು. ಈಗ ಫೋನೆತ್ತಿದರೆ ನಿನ್ನ ದನಿಗಿಂತ ಮೊದಲು ಇನ್ಯಾರದೋ ಉಸಿರು ಕೇಳಿಸುತ್ತದೆ. ಅದಕ್ಕೇ ಕಾಗದ. ಸಾತಿಬಾಲ್ದಿಯ ಮಿನಿಬಸ್ಸು ಹೇಗೂ ನಿಮ್ಮ ಸರೋವರದ ಊರಿಗೆ ಬರುತ್ತಲೇ ಇರುತ್ತದೆ. ನನ್ನ ಚಿಕ್ಕಪ್ಪನ ಮಗ, ಬಾಯಿ ಬಿಡುವವನಲ್ಲ. ಉತ್ತರ ಅವನ ಕೈಯಲ್ಲೇ ಕೊಡು.

ನಿನ್ನೆ ಪ್ರಧಾನಿ ಚಹಾಕ್ಕೆ ಬಂದಿದ್ದರು. ಕರಂಟ್ ಹಣ್ಣಿನ ಜಾಮನ್ನು ಚಮಚದಲ್ಲೇ ತಿಂದರು.

“ಎಜೆ, ಫೆಬ್ರವರಿಗೆ ನಿಮ್ಮ ಅವಧಿ ಮುಗಿಯುತ್ತೆ. ಇನ್ನೊಂದು ಸಲ ನಿಂತುಬಿಡಿ. ಸಂಸತ್ತಲ್ಲಿ ಮತದ ವಿಷಯ ನನಗೆ ಬಿಡಿ” ಅಂದರು. ಇಡೀ ದೇಶ ನನ್ನನ್ನು ಎಜೆ, ಅಕ್ಕಾ, ಅಂತಲೇ ಕರೆಯುತ್ತದೆ. ಆದರೆ ಅವರ ಬಾಯಲ್ಲಿ ಅದಕ್ಕೆ ಬೇರೆಯದೇ ರುಚಿ.

“ವಯಸ್ಸಾಯ್ತು. ಮಂಡಿ ನೋವು” ಅಂದೆ.

“ಮಂಡಿಗೆ ಇಲ್ಲೇನು ಕೆಲಸ? ಕೂತಿದ್ರೆ ಸಾಕಲ್ಲ!”

ಅವರು ನಕ್ಕರು. ನಾನೂ ನಕ್ಕೆ. ಮಾತು ಸುಳ್ಳೇನಲ್ಲ. ಮೂವತ್ತು ವರ್ಷ ಕುದುರೆ, ಕುರಿಗಳ ಹೊಟ್ಟೆಯೊಳಗೆ ಕೈಹಾಕಿ ಮರಿ ಎಳೆದವಳು ನಾನು. ಈಗ ಪದಕ ಚುಚ್ಚುತ್ತೇನೆ, ರಾಯಭಾರಿಗಳ ಕೈ ಕುಲುಕುತ್ತೇನೆ, ಸಂಸತ್ತು ಕಳಿಸಿದ್ದಕ್ಕೆ ಸಹಿ ಹಾಕುತ್ತೇನೆ. ದಂಗೆಯಾದ ವರ್ಷ ಎರಡು ಕಡೆಯವರೂ ಒಪ್ಪುವಂಥ ಒಂದು ನಿರುಪದ್ರವಿ ಮುಖ ಬೇಕಿತ್ತು. ದನದ ಡಾಕ್ಟರು ಸಿಕ್ಕಳು.

ಹೊರಡುವಾಗ ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹೇಳಿದರು: “ನಿಮ್ಮ ಮಗಳ ಊರು ಚೆನ್ನಾಗಿದೆ ಎಜೆ. ಕ್ಲಿನಿಕ್ಕಿನ ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದಾಳೆ, ಲಕ್ಷಣವಾಗಿದೆ.”

ನೀನು ಬಾಗಿಲಿಗೆ ಬಣ್ಣ ಹೊಡೆಸಿದ್ದು ನನಗೇ ಗೊತ್ತಿರಲಿಲ್ಲ.

ನಾನು ನಿಲ್ಲಲೋ ಬೇಡವೋ? ಬಯ್ಯುವುದಿದ್ದರೆ ಬಯ್ದೇ ಹೇಳು.

ನಿನ್ನ ಅಮ್ಮ,
ಬುರುಲ್ಚಾ

*

ಕಾರಾ-ಬುಲುಂಗ್
ಅಕ್ಟೋಬರ್ ೨೧

ಅಮ್ಮಾ,

ಬಾಗಿಲು ನೀಲಿಯೇ. ಬೇಸಿಗೆಯಲ್ಲಿ ಹೊಡೆಸಿದೆ. ಆದರೆ ಪ್ರಧಾನಿ ನಮ್ಮೂರಿಗೆ ಬಂದದ್ದನ್ನು ಯಾರೂ ಕಂಡಿಲ್ಲ. ಅವರ ಕಾರು ಬಂದಿದ್ದರೆ ಊರಿನ ನಾಯಿಗಳೆಲ್ಲ ಹಿಂದೆ ಓಡಿರುತ್ತಿದ್ದವು. ಹಾಗಾದರೆ ಬಾಗಿಲಿನ ಸುದ್ದಿ ಅವರಿಗೆ ಹೇಳಿದವರು ಯಾರು? ಅದನ್ನು ಯೋಚಿಸುತ್ತಾ ನಿನ್ನೆ ಒಬ್ಬರಿಗೆ ತಪ್ಪು ಹಲ್ಲಿಗೆ ಸೂಜಿ ಕೊಡಹೊರಟಿದ್ದೆ.

ನಿಲ್ಲಬೇಡ. ಇಷ್ಟು ಹೇಳಲು ನನಗೆ ಎರಡನೇ ಸಾಲೂ ಬೇಕಿಲ್ಲ, ಆದರೂ ಬರೆಯುತ್ತೇನೆ. ನೀನು ಪ್ರಮಾಣವಚನ ತಗೊಂಡ ದಿನ ನಾನು ಏನಂದಿದ್ದೆ? “ನಿನ್ನನ್ನ ಗಾಜಿನ ಕಪಾಟಲ್ಲಿ ಇಡ್ತಾರೆ, ಬಂದವರಿಗೆಲ್ಲ ತೋರಿಸ್ತಾರೆ” ಅಂದಿದ್ದೆ. ನೀನು ಆಮೇಲೆ ಒಂದು ತಿಂಗಳು ಮಾತು ಬಿಟ್ಟಿದ್ದೆ. ಈಗಲೂ ಅದೇ ಹೇಳುತ್ತೇನೆ, ಕೋಪವಿಲ್ಲದೆ. ಮೊನ್ನೆ ಸಂತೆಯಲ್ಲಿ ಮೀನು ಮಾರುವವಳು ನನಗೆ ಒಂದು ಮೀನು ಹೆಚ್ಚಿಗೆ ಹಾಕಿದಳು. “ನಿಮ್ಮಮ್ಮ ಬಂಗಾರದಂಥವರು ಕಣಮ್ಮ. ಪಾಪ, ಯಾರಿಗೂ ಏನೂ ಮಾಡಿಲ್ಲ” ಅಂದಳು. ಹೊಗಳಿದಳೋ ತೆಗಳಿದಳೋ ಗೊತ್ತಾಗದೆ ಮೀನು ತಂದು ಹುರಿದು ತಿಂದೆವು.

ನಿನ್ನ ಅಳಿಯ ತಿಲೆಕ್ ಸಲಾಮು ಹೇಳುತ್ತಾನೆ. ಶಾಲೆಯಲ್ಲಿ ಇತಿಹಾಸ ಕಲಿಸುವವನಿಗೆ ಇತ್ತೀಚೆಗೆ ಮಕ್ಕಳಿಗಿಂತ ಹೆಡ್‌ಮಾಸ್ತರೇ ಹೆಚ್ಚು ಪ್ರಶ್ನೆ ಕೇಳುತ್ತಿದ್ದಾರಂತೆ. ನೀನು ಮನೆಗೆ ಬಾ. ನಿನ್ನ ಕೋಣೆಯ ಒಲೆ ರಿಪೇರಿ ಮಾಡಿಸಿದ್ದೇನೆ. ಪಕ್ಕದ ಮನೆಯ ಹಸುವಿಗೆ ಕೆಚ್ಚಲು ಬಾವು. ನಿನ್ನ ಕೈಗೆ ಇಲ್ಲಿ ಕೆಲಸವಿದೆ.

ನಿನ್ನ,
ಬೆಗಿಮಾಯ್

*

ರಾಷ್ಟ್ರಪತಿ ನಿವಾಸ
ನವೆಂಬರ್ ೧೮

ಬೆಗಿಮಾಯ್,

ಇಷ್ಟು ದಿನ ಉತ್ತರಿಸದಿದ್ದದ್ದು ಕೋಪದಿಂದಲ್ಲ. ನಿನ್ನ ಕಾಗದ ಓದಿದ ದಿನವೇ ಹೊರಟುಬಿಡೋಣ ಅನಿಸಿತ್ತು. ಮರುದಿನ ಬೆಳಿಗ್ಗೆ ಅದು ಅಷ್ಟು ಸುಲಭವಾಗಿ ಕಾಣಲಿಲ್ಲ.

ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಜೂನ್‌ನಲ್ಲಿ ಸಂಸತ್ತಿನಿಂದ ಒಂದು ಮಸೂದೆ ಬಂತು. ಹೆಸರು ‘ಶಾಂತಿ ರಕ್ಷಣೆ’. ಯಾರ ಮೇಲೆ ಅನುಮಾನವಿದೆಯೋ ಅವರನ್ನು ನ್ಯಾಯಾಲಯಕ್ಕೆ ತೋರಿಸದೆ ಅರ್ಧ ವರ್ಷ ಇಟ್ಟುಕೊಳ್ಳಬಹುದು. ನನ್ನ ಸಹಿ ಬೀಳದೆ ಅದು ಕಾನೂನಾಗದು. ಸಹಿ ಹಾಕಬೇಕು ಅಂತ ಸಂವಿಧಾನದಲ್ಲಿದೆ, ಯಾವತ್ತಿನ ಒಳಗೆ ಅಂತ ಇಲ್ಲ, ಬರೆದವರು ಮರೆತಿರಬೇಕು. ಹಾಗಾಗಿ ಅದು ನನ್ನ ಮೇಜಿನ ಖಾನೆಯಲ್ಲಿ ಮಲಗಿದೆ. ಕೇಳಿದಾಗೆಲ್ಲ “ಓದ್ತಾ ಇದೀನಿ, ಕಣ್ಣು ಮಂಜು” ಅನ್ನುತ್ತೇನೆ. ಐದು ವರ್ಷದಲ್ಲಿ ನಾನು ಮಾಡಿದ ಕೆಲಸ ಅಂದರೆ ಈ ಕೆಲಸ ಮಾಡದೆ ಇದ್ದದ್ದೊಂದೇ.

ನಾನು ಎದ್ದರೆ ಆ ಕುರ್ಚಿಗೆ ಶೇರ್ನಿಯಾಜ್ ಬರುತ್ತಾನೆ. ಭದ್ರತಾ ಇಲಾಖೆಯ ಮುಖ್ಯಸ್ಥ, ನೀನು ಟೀವಿಯಲ್ಲಿ ನೋಡಿರುತ್ತೀ, ಯಾವಾಗಲೂ ಪ್ರಧಾನಿಯ ಎಡಗಡೆ ನಿಲ್ಲುವವನು. ದನಿ ಎತ್ತುವುದಿಲ್ಲ. ಅವನು ಕೋಣೆಗೆ ಬಂದರೆ ನನ್ನ ಆಫೀಸಿನ ಹೆಂಗಸರು ನಗುವುದನ್ನು ನಿಲ್ಲಿಸುವುದಿಲ್ಲ, ಸ್ವಲ್ಪ ಜೋರಾಗಿಯೇ ನಗುತ್ತಾರೆ. ಅದು ನೋಡಿ ನನಗೆ ಹೆಚ್ಚು ಭಯ. ಅವನು ಬಂದ ಸಂಜೆಯೇ ಸಹಿ ಬೀಳುತ್ತದೆ. ಜನ ಚೌಕಕ್ಕೆ ಬರುತ್ತಾರೆ. ಕಳೆದ ಸಲ ದಂಗೆಯಾದಾಗ ಚೌಕದಲ್ಲಿ ಏನಾಯಿತು ಅಂತ ನಿನಗೆ ಹೇಳಬೇಕಿಲ್ಲ, ನಿನ್ನ ಅಪ್ಪ ಅಲ್ಲಿಂದ ತಿರುಗಿ ಬರಲಿಲ್ಲ.

ನನ್ನ ಮೇಲೆ ಪ್ರೀತಿ ಇರುವವರು ‘ನಿಲ್ಲಿ ಎಜೆ, ನೀವಿದ್ದರೆ ಆ ಕಾಗದ ಖಾನೆಯಲ್ಲೇ ಇರುತ್ತೆ’ ಅನ್ನುತ್ತಾರೆ. ನನಗೆ ಭಯ ಹುಟ್ಟಿಸುವವರೂ ‘ನಿಲ್ಲಿ ಎಜೆ’ ಅನ್ನುತ್ತಾರೆ, ಯಾಕೆಂದರೆ ಶೇರ್ನಿಯಾಜ್ ಸಹಿ ಹಾಕಿದರೆ ಊರು ಹತ್ತಿ ಉರಿಯುತ್ತದೆ, ನಾನು ಹಾಕಿದರೆ ‘ಎಜೆ ಹಾಕಿದ್ದಾರೆ, ಏನೋ ಒಳ್ಳೆಯದಕ್ಕೇ’ ಅಂತ ಜನ ಸುಮ್ಮನಾಗುತ್ತಾರೆ. ಎರಡನೇ ಅವಧಿಯಲ್ಲಿ ಕಣ್ಣು ಮಂಜು ಅನ್ನುವ ನೆಪ ನಡೆಯುವುದಿಲ್ಲ ಅಂತ ಪ್ರಧಾನಿ ಆಗಲೇ ಸೂಚನೆ ಕೊಟ್ಟಿದ್ದಾರೆ. ಕುರಿಯೂ ತೋಳವೂ ಒಂದೇ ಗೇಟು ತೆರೆದಿಡು ಅಂದಾಗ ಕಾಯುವವಳು ಏನು ಮಾಡಬೇಕು?

ನನಗೆ ತಿಳಿಯುತ್ತಿಲ್ಲ ಮಗಳೇ. ಇದನ್ನೇ ಯೋಚಿಸುತ್ತಾ ಮೊನ್ನೆ ಪದಕ ಚುಚ್ಚುವಾಗ ಒಬ್ಬ ಹಳೆಯ ಗಣಿ ಕೆಲಸಗಾರನಿಗೆ ಸೂಜಿ ತಾಗಿತು. ಅವನೇ ನನ್ನನ್ನು ಸಮಾಧಾನ ಮಾಡಿದ.

ಅಮ್ಮ

*

ಕಾರಾ-ಬುಲುಂಗ್
ಡಿಸೆಂಬರ್ ೩

ಪ್ರೀತಿಯ ಅಮ್ಮನವರಿಗೆ,

ನಾವು ಇಲ್ಲಿ ಕ್ಷೇಮ. ತಿಲೆಕ್ ಕೂಡ ಕ್ಷೇಮ. ಚೆನ್ನಾಗಿ ಆಲೋಚಿಸಿದ ಮೇಲೆ ನನ್ನ ಹಿಂದಿನ ಅಭಿಪ್ರಾಯ ತಪ್ಪೆಂದು ಮನವರಿಕೆಯಾಗಿದೆ. ರಾಷ್ಟ್ರದ ಸ್ಥಿರತೆಗಾಗಿ ತಾವು ಎರಡನೆಯ ಅವಧಿಗೆ ಸ್ಪರ್ಧಿಸುವುದು ಅಗತ್ಯ. ತಮ್ಮ ಕುಟುಂಬವಾಗಿ ನಮಗೆ ಇದು ಹೆಮ್ಮೆಯ ವಿಷಯ. ಆದಷ್ಟು ಬೇಗ ತಮ್ಮ ಒಪ್ಪಿಗೆ ತಿಳಿಸಬೇಕೆಂದು ಕೋರುತ್ತೇನೆ.

ತಮ್ಮ ವಿಧೇಯ ಪುತ್ರಿ,
ಬೆಗಿಮಾಯ್

*

ರಾಷ್ಟ್ರಪತಿ ನಿವಾಸ
ಡಿಸೆಂಬರ್ ೫

ಬೆಗಿಮಾಯ್, ನನ್ನ ಕಂದಾ,

ಯಾರು ನಿನಗೆ ‘ತಾವು’ ಕಲಿಸಿದವರು? ಹುಟ್ಟಿದಾಗಿನಿಂದ ನನ್ನನ್ನು ‘ನೀನು’ ಬಿಟ್ಟು ಕರೆದವಳಲ್ಲ. ಸಿಟ್ಟು ಬಂದರೆ ಅದೂ ಇಲ್ಲ, ‘ಏಯ್ ಡಾಕ್ಟ್ರೇ’.

ಆ ಕಾಗದ ಸಾತಿಬಾಲ್ದಿ ತಂದದ್ದಲ್ಲ. ಶೇರ್ನಿಯಾಜ್ ತಂದ. ಲಕೋಟೆ ಒಡೆದಿತ್ತು. ನನ್ನ ಮೇಜಿನ ಮೇಲಿಟ್ಟು, ಎರಡೂ ಕೈ ಹಿಂದೆ ಕಟ್ಟಿಕೊಂಡು, “ಮಗಳು ಕಾಗದ ಬರೆದಿದಾಳೆ ಎಜೆ. ಚಿನ್ನದಂಥ ಅಕ್ಷರ” ಅಂದ. ನಾನು ಓದುವವರೆಗೂ ನಿಂತಿದ್ದ. ನಾನು ಅವನೆದುರು ಓದಿದೆ, ಮಡಿಸಿದೆ, “ಹೌದು, ಚಿಕ್ಕವಳಿದ್ದಾಗಿಂದ ಅಕ್ಷರ ಚೆನ್ನ” ಅಂದೆ. ಅವನು ಹೋದ ಮೇಲೆ ಮತ್ತೆ ಬಿಚ್ಚಿ ಓದಿದೆ.

ಸಾತಿಬಾಲ್ದಿ ನಿನ್ನೆ ಬಂದು ನೋಡಿದನಂತೆ. ಕ್ಲಿನಿಕ್ ಮುಚ್ಚಿತ್ತು, ಮನೆಯ ಪರದೆಗಳೆಲ್ಲ ಎಳೆದಿದ್ದವು, ಬಾಗಿಲು ಬಡಿದರೂ ತೆಗೆಯಲಿಲ್ಲವಂತೆ. ಈ ಕಾಗದ ಅವನ ಹೆಂಡತಿ ತರುತ್ತಾಳೆ. ಹಲ್ಲು ತೋರಿಸುವ ನೆಪದಲ್ಲಿ ಬರುತ್ತಾಳೆ, ಅವಳಿಗಾದರೂ ಬಾಗಿಲು ತೆಗೆ. ಏನಾಯಿತು? ಒಂದು ಸಾಲಾದರೂ ಬರೆ. ನಿನ್ನ ದನಿಯಲ್ಲಿ ಬರೆ.

ಅಮ್ಮ

*

ಕಾರಾ-ಬುಲುಂಗ್
ಡಿಸೆಂಬರ್ ೯

ಅಮ್ಮಾ,

ನಾನೇ. ನಿನ್ನ ಬೆಗಿಮಾಯ್.

ನವೆಂಬರ್ ಕೊನೆಯಲ್ಲಿ ಒಬ್ಬ ಮನುಷ್ಯ ಕ್ಲಿನಿಕ್ಕಿಗೆ ಬಂದ. ಒಳ್ಳೆಯ ಕೋಟು, ಒಳ್ಳೆಯ ಬೂಟು. ಎಲ್ಲರನ್ನೂ ಮುಂದೆ ಬಿಟ್ಟು ಕೊನೆಯಲ್ಲಿ ಒಳಗೆ ಬಂದು ಕುರ್ಚಿಯಲ್ಲಿ ಮಲಗಿದ. ಬಾಯಿ ತೆರೆದ. ದೀಪ ಹಾಕಿ ನೋಡಿದೆ. ಅಷ್ಟು ಚೆಂದದ ಹಲ್ಲು ನಾನು ನೋಡಿಯೇ ಇಲ್ಲ. ಒಂದು ಹುಳುಕಿಲ್ಲ.

“ಏನು ತೊಂದರೆ?” ಅಂತ ಕೇಳಿದೆ.

“ತೊಂದರೆ ಏನಿಲ್ಲ. ಮುಂದೆ ಬರಬಾರದು ಅಂತ ತೋರಿಸ್ಕೋತಾ ಇದೀನಿ” ಅಂದ. “ನೋವು ಬಂದ ಮೇಲೆ ಓಡಾಡೋದು ತಪ್ಪು ಅಲ್ವಾ ಡಾಕ್ಟ್ರೇ? ನಿಮ್ಮ ತಾಯಿಯವರಿಗೂ ಹಾಗೇ ಹೇಳಿ. ಅವರು ಇನ್ನೂ ಯೋಚನೆ ಮಾಡ್ತಿದಾರಂತೆ.”

ನಾನು ಕೈಯಲ್ಲಿದ್ದ ಕನ್ನಡಿಯನ್ನು ತಟ್ಟೆಯಲ್ಲಿಟ್ಟೆ. ಅವನು ಎದ್ದು, ಬಾಯಿ ಮುಕ್ಕಳಿಸಿ, ಶುಲ್ಕ ಎಷ್ಟು ಅಂತ ಕೇಳಿದ. ಬೇಡ ಅಂದೆ. “ಛೆ ಛೆ, ಪುಕ್ಕಟೆ ಯಾಕೆ” ಅಂತ ಮೇಜಿನ ಮೇಲಿಟ್ಟು ಹೋದ.

ಮಾರನೇ ದಿನ ತಿಲೆಕ್ ಶಾಲೆಯಿಂದ ಬರಲಿಲ್ಲ. ಆ ರಾತ್ರಿ ಬರಲಿಲ್ಲ, ಮರುದಿನವೂ ಇಲ್ಲ. ಠಾಣೆಯಲ್ಲಿ “ಗಂಡ ಎಲ್ಲಿಗೆ ಹೋಗಿದಾನೋ ನಮಗೇನು ಗೊತ್ತಮ್ಮ, ನೀನೇ ಸರಿಯಾಗಿ ಇಟ್ಕೋಬೇಕಿತ್ತು” ಅಂತ ನಕ್ಕರು. ಆಮೇಲೆ ಆ ಚೆಂದದ ಹಲ್ಲಿನವನೇ ಮನೆಗೆ ಬಂದ. ಅಡುಗೆಮನೆಯಲ್ಲಿ ನನ್ನೆದುರು ಕೂತು ಒಂದೊಂದೇ ವಾಕ್ಯ ಹೇಳಿದ, ನಾನು ಬರೆದೆ. ‘ಪ್ರೀತಿಯ ಅಮ್ಮನಿಗೆ’ ಅಂತ ಬರೆದಿದ್ದೆ, ‘ಅಮ್ಮನವರಿಗೆ’ ಅಂತ ತಿದ್ದಿಸಿದ. ನಾನು ತಿದ್ದಿದೆ. ‘ತಾವು’ ಅಂತ ನೋಡಿದರೆ ನಿನಗೆ ತಿಳಿಯುತ್ತದೆ ಅಂದುಕೊಂಡು ಸುಮ್ಮನೆ ಬರೆದುಕೊಂಡು ಹೋದೆ.

ಸಂಜೆ ತಿಲೆಕ್‌ನನ್ನು ತಂದು ಬಿಟ್ಟರು. ಮೈಮೇಲೆ ಒಂದು ಗಾಯವಿಲ್ಲ. ನಾನು ಪೂರ್ತಿ ನೋಡಿದ್ದೇನೆ. ಆದರೆ ಮಾತಿಲ್ಲ ಅಮ್ಮಾ. ಬೂಟು ಬಿಚ್ಚುವುದಿಲ್ಲ. ಹಾಸಿಗೆಯಲ್ಲೂ ಬೂಟು ಹಾಕಿಕೊಂಡೇ ಮಲಗುತ್ತಾನೆ. ಬಿಚ್ಚಲು ಹೋದರೆ ನನ್ನ ಕೈ ಹಿಡಿದು “ಕರೆದ್ರೆ?” ಅನ್ನುತ್ತಾನೆ. ಅಷ್ಟೇ ಮಾತು.

ನಿಲ್ಲು ಅಮ್ಮಾ. ಅವರು ಕೇಳಿದಲ್ಲೆಲ್ಲ ಸಹಿ ಹಾಕು. ಐದು ವರ್ಷ ನಿನಗೆ ಗೊಂಬೆ ಅಂದವಳು ನಾನೇ, ಈಗ ಗೊಂಬೆಯಾಗಿರು ಅಂತ ಬೇಡುವವಳೂ ನಾನೇ. ಇದು ಯಾರೂ ಹೇಳಿ ಬರೆಸಿದ್ದಲ್ಲ. ನನ್ನದೇ.

ಬೆಗಿಮಾಯ್

*

ರಾಷ್ಟ್ರಪತಿ ನಿವಾಸ
ಜನವರಿ ೬

ಬೆಗಿಮಾಯ್,

ನಾನು ಒಪ್ಪಿದೆ. ಟೀವಿಯಲ್ಲಿ ನೋಡಿರಬಹುದು. ಪ್ರಧಾನಿ ನನ್ನ ಹೆಗಲಿಗೆ ಕಸೂತಿಯ ಕೋಟು ಹೊದಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಕ್ಕಿದ್ದೂ ಬಂದಿರುತ್ತದೆ.

ಮುಗಿದ ಮೇಲೆ ಶೇರ್ನಿಯಾಜ್ ನನ್ನನ್ನು ಕಾರಿನವರೆಗೆ ನಡೆಸಿಕೊಂಡು ಬಂದ. ಮೆಟ್ಟಿಲ ಮೇಲೆ ಮಂಜುಗಡ್ಡೆ ಇತ್ತು, ಮೊಣಕೈ ಹಿಡಿದುಕೊಂಡ.

“ಒಳ್ಳೆ ಕೆಲಸ ಮಾಡಿದ್ರಿ ಎಜೆ. ನಮ್ಮಲ್ಲಿ ಮುದಿ ಕುದುರೇನ ಯಾರೂ ಕಡಿಯೋದಿಲ್ಲ. ಹಬ್ಬದ ದಿನ ಜೂಲು ಹಾಕಿ ಮುಂದೆ ನಡೆಸ್ತಾರೆ.”

“ಕಡಿಯೋದಿಲ್ಲ ಅಂತ ನಿನಗ್ಯಾರು ಹೇಳಿದ್ರಪ್ಪ?” ಅಂದೆ. “ಮೂವತ್ತು ವರ್ಷ ನಾನೇ ನೋಡಿದೀನಿ. ಹಬ್ಬ ಮುಗಿದ ಮಾರನೇ ದಿನವೇ ಕಡೀತಾರೆ.”

ಅವನು ನಗಲಿಲ್ಲ. ಮೊಣಕೈಯನ್ನೂ ಬಿಡಲಿಲ್ಲ. ಕಾರಿನೊಳಗೆ ಕೂತಾಗ ನನ್ನ ಒಳಂಗಿ ಬೆವರಿಗೆ ಬೆನ್ನಿಗಂಟಿತ್ತು, ಆ ಚಳಿಯಲ್ಲಿ. ಇಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ. ನಿನ್ನ ಅಪ್ಪನ ಹೆಣ ಗುರುತಿಸಲು ಹೋದಾಗಲೂ ಇಲ್ಲ. ಆಗ ಕಳೆದುಕೊಳ್ಳುವುದನ್ನು ಕಳೆದುಕೊಂಡಾಗಿತ್ತು.

ಈಗ ನಾನು ಹೇಳಿದಂತೆ ಮಾಡು, ಯಾಕೆ ಅಂತ ಕೇಳಬೇಡ. ಫೆಬ್ರವರಿ ಹನ್ನೊಂದಕ್ಕೆ ಸಂಸತ್ತಿನಲ್ಲಿ ಮತ. ಅದಕ್ಕೆ ಮೊದಲು ನೀನೂ ತಿಲೆಕ್ಕೂ ಅಲ್ಮಾಟಿಯಲ್ಲಿರುವ ಅವನ ಸೋದರತ್ತೆಯ ಮನೆಗೆ ಹೋಗಿ. ಗಡಿಯಲ್ಲಿ ಕೇಳಿದರೆ, ಅತ್ತೆಗೆ ಕಾಯಿಲೆ. ನಾನು ಅವರು ಹೇಳಿದಂತೆ ಕೇಳುತ್ತಿರುವಾಗ ನಿಮ್ಮನ್ನು ತಡೆಯಲಾರರು. ಸಾಮಾನು ಹೆಚ್ಚು ಕಟ್ಟಬೇಡ, ನೆರೆಯವರಿಗೆ ವಿದಾಯ ಹೇಳಬೇಡ. ತಲುಪಿದ ಮೇಲೆ ಸಾತಿಬಾಲ್ದಿಗೆ ಫೋನು ಮಾಡಿ ‘ಅತ್ತೆ ಗುಣವಾಗ್ತಿದಾರೆ’ ಅನ್ನು. ಅಷ್ಟು ಸಾಕು.

ನೀನು ಬೇಡಿಕೊಂಡದ್ದಕ್ಕೆ ನಾಚಬೇಡ. ನಾನಾಗಿದ್ದರೂ ಬೇಡುತ್ತಿದ್ದೆ.

ಅಮ್ಮ

*

ಅಲ್ಮಾಟಿ
ಫೆಬ್ರವರಿ ೧೨

ಅಮ್ಮಾ,

ಇದನ್ನು ಎಲ್ಲಿಗೆ ಕಳಿಸಬೇಕೋ ಗೊತ್ತಿಲ್ಲ. ನೀನು ಎಲ್ಲಿದ್ದೀಯೋ ಗೊತ್ತಿಲ್ಲ. ಗಡಿಯ ಮಾರುಕಟ್ಟೆಯಲ್ಲಿ ಸಾತಿಬಾಲ್ದಿಯ ಹೆಂಡತಿಗೆ ಕೊಡುತ್ತಿದ್ದೇನೆ, ‘ಸಿಕ್ಕರೆ ಕೊಡಿ’ ಅಂತ ಹೇಳಿ.

ನಿನ್ನೆ ನಾವು ಅತ್ತೆಯ ಮನೆಯಲ್ಲಿ ನೇರ ಪ್ರಸಾರ ನೋಡುತ್ತಿದ್ದೆವು. ನೀನು ವೇದಿಕೆಗೆ ಬಂದೆ. ಕಸೂತಿಯ ಕೋಟು ಹಾಕಿರಲಿಲ್ಲ. ನಿನ್ನ ಹಳೆಯ ಕಂದು ಸ್ವೆಟರ್. ಅತ್ತೆ “ಅಯ್ಯೋ, ಇಂಥಾ ದಿನ ಇದೇನು ಬಟ್ಟೆ” ಅಂದರು. ಆಗಲೇ ನನಗೆ ಗೊತ್ತಾಯಿತು.

“ನಾನು ನಿಲ್ಲೋದಿಲ್ಲ” ಅಂದೆ ನೀನು. ಹಸುವಿನ ಮಾಲೀಕನಿಗೆ ‘ಇದು ಬದುಕೋದಿಲ್ಲ’ ಅಂತ ಹೇಳುವಾಗ ನಿನಗೆ ಬರುವ ದನಿ. “ಯಾಕೆ ಅಂತ ಹೇಳ್ತೀನಿ. ನನಗೆ ಹೆದರಿಕೆ ಆಗ್ತಿದೆ. ನಾನು ಈ ದೇಶದ ರಾಷ್ಟ್ರಪತಿ, ನನಗೆ ಹೆದರಿಕೆ ಆಗ್ತಿದೆ. ನಾನು ನಿಲ್ಲಲಿ ಅಂತ ನನ್ನ ಅಳಿಯನ್ನ ಎತ್ತಿಕೊಂಡು ಹೋಗಿದ್ರು. ನನ್ನ ಮಗಳ ಅಡುಗೆಮನೇಲಿ ಕೂತು ನನಗೆ ಕಾಗದ ಬರೆಸಿದ್ರು. ಕಾವಲು, ಕಾರು, ಬಾವುಟ ಇರೋ ನನಗೇ ಹೀಗೆ ಮಾಡಿದ್ರೆ, ಏನೂ ಇಲ್ಲದವರಿಗೆ ಏನು ಮಾಡ್ತಿದಾರೆ? ಇಲ್ಲಿ ಕೂತಿರೋರಲ್ಲಿ ಇನ್ಯಾರ ಮನೆಗೆ...”

ಅಷ್ಟರಲ್ಲಿ ಪರದೆ ಕಪ್ಪಾಯಿತು. ಆಮೇಲೆ ಹುಡುಗಿಯರು ಕುಣಿಯುವ ಯಾವುದೋ ಹಳೆಯ ಕಾರ್ಯಕ್ರಮ ಬಂತು. ಸಂಜೆವರೆಗೂ ಅದೇ ಕುಣಿತ. ನಾನು ಆ ಹುಡುಗಿಯರನ್ನೇ ನೋಡುತ್ತಾ ಕೂತೆ, ನೀನು ಅವರ ಹಿಂದೆಲ್ಲೋ ಇದ್ದೀಯೇನೋ ಅನ್ನುವ ಹಾಗೆ.

ತಿಲೆಕ್ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. “ನಿನ್ನಮ್ಮ ನನ್ನ ಹೆಸರು ಹೇಳಲಿಲ್ಲ. ಹೇಳಬಹುದಿತ್ತು. ನನಗೇನೂ ಅಡ್ಡಿಯಿರಲಿಲ್ಲ” ಅಂದ. ಎರಡು ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು.

ಬದುಕಿದ್ದರೆ ಒಂದು ಸಾಲು ಬರೆ. ಅಕ್ಷರ ನಡುಗಿದ್ದರೂ ಪರವಾಗಿಲ್ಲ.

ಬೆಗಿಮಾಯ್

*

ರಾಜಧಾನಿ
ಮಾರ್ಚ್ ೨

ಬೆಗಿಮಾಯ್,

ಬದುಕಿದ್ದೇನೆ. ಆಫೀಸಿನಲ್ಲಿ ನನ್ನ ಜೊತೆಗಿದ್ದ ಕೆಂಜೆಗುಲ್‌ಳ ಮನೆಯಲ್ಲಿದ್ದೇನೆ, ನಾಲ್ಕನೇ ಮಹಡಿ. ನಿನ್ನ ಕಾಗದ ಸುತ್ತಿ ಬಳಸಿ ಮೊನ್ನೆ ಸಿಕ್ಕಿತು.

ಪರದೆ ಕಪ್ಪಾದ ಮೇಲೆ ಏನಾಯಿತು ಅಂತ ಹೇಳುತ್ತೇನೆ. ಮೈಕು ಸತ್ತಿತು. ಯಾರೂ ಮಿಸುಕಲಿಲ್ಲ. ಶೇರ್ನಿಯಾಜ್ ಗೋಡೆಯ ಪಕ್ಕ ನಿಂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ. ನಾನು ಮೇಜು ಹಿಡಿದುಕೊಂಡಿದ್ದೆ. ಇಲ್ಲೇ ಮುಗಿಯಿತು ಅಂದುಕೊಂಡೆ. ಆಗ ಹಿಂದಿನ ಸಾಲಿನಿಂದ ಓರೊಜ್‌ಬಾಯ್ ಎದ್ದ. ಪ್ರಧಾನಿಯ ಪಕ್ಷದವನೇ, ಯಾವ ಅಧಿವೇಶನದಲ್ಲೂ ನಿದ್ದೆಯಿಂದ ಎದ್ದವನಲ್ಲ. “ನನ್ನ ಮೊಮ್ಮಗಳನ್ನ ಕರ್ಕೊಂಡು ಹೋಗಿದ್ರು. ಜೂನ್‌ನಲ್ಲಿ. ಆ ಮಸೂದೆಗೆ ಕೈ ಎತ್ತಲಿ ಅಂತ. ಎತ್ತಿದೆ” ಅಂದ. ಅಷ್ಟು ಹೇಳಿ ಕೂರಲೂ ಇಲ್ಲ, ನಿಂತೇ ಇದ್ದ. ಆಮೇಲೆ ಇನ್ನೊಬ್ಬರು ಎದ್ದರು. ಅವರು ಮಾತಾಡಲಿಲ್ಲ, ಸುಮ್ಮನೆ ಎದ್ದು ನಿಂತರು. ಆಮೇಲೆ ಎಷ್ಟು ಜನ ಎದ್ದರೋ, ನನ್ನ ಕಣ್ಣು ನಿಜವಾಗಿಯೂ ಮಂಜಾಗಿತ್ತು.

ಆ ದಿನ ಮತ ನಡೆಯಲಿಲ್ಲ. ವಾರದ ಮೇಲೆ ನಡೆದಾಗ ಶೇರ್ನಿಯಾಜ್‌ಗೆ ಸಾಕಷ್ಟು ಮತ ಬೀಳಲಿಲ್ಲ. ಕೊನೆಗೆ ವಸ್ತುಸಂಗ್ರಹಾಲಯದ ಮುದುಕರೊಬ್ಬರನ್ನು ಆರಿಸಿದರು. ಬಂದ ಮರುದಿನವೇ ಅವರು ನನಗೆ ಫೋನು ಮಾಡಿದರು. “ಎಜೆ, ಇಲ್ಲಿ ನಿಮಗೆ ನಿದ್ದೆ ಬರ್ತಿತ್ತಾ?” “ಇಲ್ಲ” ಅಂದೆ. “ನನಗೂ ಇಲ್ಲ. ಆ ಕಾಗದ ನೋಡಿದೆ” ಅಂದರು. ಏನು ಮಾಡುತ್ತೀರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಲೈನಿನಲ್ಲಿ ಮೂರನೆಯ ಉಸಿರು ಕೇಳಿಸುತ್ತಲೇ ಇತ್ತು.

ಪ್ರಧಾನಿ ಅಲ್ಲೇ ಇದ್ದಾರೆ. ಶೇರ್ನಿಯಾಜ್ ಕೂಡ ಇಲಾಖೆಯಲ್ಲೇ ಇದ್ದಾನೆ. ನಮ್ಮ ಕಟ್ಟಡದ ಕೆಳಗೆ ಒಂದು ಕಾರು ಎಂಜಿನ್ ಆರಿಸದೆ ನಿಂತಿರುತ್ತದೆ. ಕೆಂಜೆಗುಲ್ ಕಸ ಹಾಕಲು ಹೋದರೂ ನಾನು ಕಿಟಕಿಯಲ್ಲಿ ನಿಂತು ಕಾಯುತ್ತೇನೆ. ಭಯ ಹೋಗಿದೆ ಅಂತ ಸುಳ್ಳು ಹೇಳಲಾರೆ. ನೀವಿಬ್ಬರೂ ಇನ್ನೂ ಬರಬೇಡಿ. ಬಾ ಅಂತ ನಾನೇ ಬರೆದರೂ, ಅದರಲ್ಲಿ ‘ತಾವು’ ಇದ್ದರೆ ಬರಬೇಡಿ.

ನಿನ್ನೆ ಮೊದಲ ಸಲ ಹೊರಗೆ ಹೋದೆ. ಮಂಡಿಗೆ ಔಷಧ ಬೇಕಿತ್ತು. ಬಸ್ಸು ಹತ್ತಿದೆ. ಐದು ವರ್ಷವಾಗಿತ್ತು ಬಸ್ಸು ಹತ್ತಿ. ಎಲ್ಲರಿಗೂ ಗುರುತು ಸಿಕ್ಕಿತು, ಯಾರೂ ತಲೆಯೆತ್ತಲಿಲ್ಲ. ಒಬ್ಬ ಹೆಂಗಸು ಈರುಳ್ಳಿಯ ಚೀಲ ಸರಿಸಿ ಜಾಗ ಕೊಟ್ಟಳು. ಕಿಟಕಿಯ ಕಡೆ ಮುಖ ಮಾಡಿಕೊಂಡೇ, ತುಟಿ ಅಲುಗಿತೋ ಇಲ್ಲವೋ ಅನ್ನುವಂತೆ, “ಎಜೆ, ನಮ್ಮ ತಮ್ಮ. ಆಗಸ್ಟ್‌ನಿಂದ” ಅಂದಳು. ಮುಂದಿನ ಸೀಟಿನವನು ತಿರುಗದೆ, “ನನ್ನ ಮಗ. ಹೋದ ವರ್ಷ ನೂರೂಜ್ ಹಬ್ಬದ ಹಿಂದಿನ ದಿನ” ಅಂದ. ಹಿಂದಿನಿಂದ ಯಾರೋ ಒಂದು ಹೆಸರು ಹೇಳಿದರು, ಬರೀ ಹೆಸರು.

ಆ ಕಾಗದಕ್ಕೆ ಸಹಿ ಹಾಕದೆ ನಾನು ಇವರನ್ನೆಲ್ಲ ಉಳಿಸಿದ್ದೇನೆ ಅಂದುಕೊಂಡಿದ್ದೆ ಮಗಳೇ. ಅದೆಲ್ಲ ಕಾನೂನಿಲ್ಲದೆಯೇ ನಡೆಯುತ್ತಿತ್ತು.

ಔಷಧದ ಅಂಗಡಿಯ ಸ್ಟಾಪು ಬಂತು, ಹೋಯಿತು. ನಾನು ಇಳಿಯಲಿಲ್ಲ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಡ್ರೈವರ್ ಎಂಜಿನ್ ನಿಲ್ಲಿಸಿ, ಕನ್ನಡಿಯಲ್ಲಿ ನನ್ನನ್ನು ನೋಡಿದ. ಆಮೇಲೆ, “ನನ್ನ ಹೆಂಡತಿಯ ಅಣ್ಣ, ಎಜೆ” ಅಂದ.

“ವಾಪಸ್ ಹೋಗೋದೂ ಇದೇ ಬಸ್ಸೇನಪ್ಪ?” ಅಂತ ಕೇಳಿದೆ.

“ಇದೇ. ಕೂತ್ಕೊಳ್ಳಿ.”

ಕೂತೆ. ಸಂತೆಯ ಸ್ಟಾಪಿನಲ್ಲಿ ಬಾಗಿಲು ತೆರೆದಾಗ ಜನ ಹತ್ತಿದರು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಒಬ್ಬ ಮುದುಕ ನನ್ನನ್ನು ನೋಡಿ ಒಂದು ಕ್ಷಣ ಮೆಟ್ಟಿಲಲ್ಲೇ ನಿಂತ, ಆಮೇಲೆ ಬಂದು ಅಲ್ಲಿ ಕೂತ.

ನಿನ್ನ ಅಮ್ಮ,
ಬುರುಲ್ಚಾ